ಎರಡನೇ ವಿಮಾನದ ಟಿಕೆಟ್

ಆ ಭಾನುವಾರ ನಮ್ಮ ಯಜಮಾನರು ತಿಂಡಿ ತಿನ್ನುವುದನ್ನೂ ಮರೆತು ಮೊಬೈಲ್ ಹಿಡಿದು ಕೂತಿದ್ದರು. ಅರಸೀಕೆರೆಯಿಂದ ಕೊಬ್ಬರಿ ವ್ಯಾಪಾರಕ್ಕೆಂದು ವರ್ಷಗಟ್ಟಲೆ ದೆಹಲಿಗೆ ಓಡಾಡಿ ವಿಮಾನ ಕಂಪನಿಯಲ್ಲಿ ಕೂಡಿಟ್ಟಿದ್ದ ಪಾಯಿಂಟುಗಳಲ್ಲಿ ನಮ್ಮಿಬ್ಬರಿಗೂ ಕಠ್ಮಂಡುವಿಗೆ ಟಿಕೆಟ್ ಮಾಡಿದರು. ದೆಹಲಿವರೆಗೆ ಒಂದು ಕಂಪನಿ, ಮುಂದಕ್ಕೆ ಇನ್ನೊಂದು.

“ಒಂದೇ ಟಿಕೆಟಿಗೆ ಎರಡು ಕಂಪನಿ ಹೆಂಗ್ರೀ?” ಎಂದೆ.

“ನಮ್ಮ ಜಂಕ್ಷನ್ನಲ್ಲಿ ಇಳಿದು ಬೇರೆ ರೈಲು ಹತ್ತಲ್ವಾ, ಹಂಗೇ ಕಣೇ. ಇಷ್ಟು ವರ್ಷ ಎಲ್ಲೂ ಕರ್ಕೊಂಡೋಗ್ಲಿಲ್ಲ ಅಂತ ಪಶುಪತಿನಾಥನ ಹತ್ರ ಚಾಡಿ ಹೇಳ್ಬೇಡ, ಅಷ್ಟೇ,” ಎಂದು ನಕ್ಕರು.

ಮರುದಿನ ಕೊಬ್ಬರಿ ಮಂಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

ತಿಂಗಳ ಮೇಲೆ, ಅವರ ಟಿಕೆಟ್ ರದ್ದು ಮಾಡಿಸಲು ಮೊದಲ ಕಂಪನಿಗೆ ಫೋನ್ ಮಾಡಿದೆ. ಕನ್ನಡದ ಹುಡುಗಿಯೊಬ್ಬಳು ಎತ್ತಿದಳು. “ತೀರಿಕೊಂಡರು” ಎಂಬ ಮಾತನ್ನು ಅದುವರೆಗೆ ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಮೈದುನನೇ ತಿಳಿಸಿದ್ದ. ಹೇಗೋ ಹೇಳಿದೆ. ಆಕೆ ಅವಸರ ಮಾಡದೆ ಕಾದಳು. ಇನ್ನೊಂದು ಕಂಪನಿಗೂ ಫೋನ್ ಮಾಡಿ ಇದನ್ನೇ ಹೇಳಬೇಕೇ ಎಂದು ಕೇಳಿದೆ.

“ಬೇಡಮ್ಮ, ಅವರ ಹತ್ರ ನಾನೇ ಮಾತಾಡ್ತೀನಿ. ನೀವು ಇನ್ನೊಂದ್ ಸಲ ಹೇಳೋದು ಬೇಡ. ನಿಮ್ಮ ಟಿಕೆಟ್ ಹಾಗೇ ಇರುತ್ತೆ, ಹೋಗ್ಬನ್ನಿ,” ಎಂದಳು.

ಒಬ್ಬಳೇ ಹೋಗಿಬಂದೆ. ದರ್ಶನ ಚೆನ್ನಾಗಿ ಆಯಿತು. ಊಟ ಸೇರಿತೇ, ಚಳಿಯಿತ್ತೇ ಎಂದು ಮನೆಯವರೆಲ್ಲ ಕೇಳಿದರು. ನನಗೆ ಎಲ್ಲವನ್ನೂ ಹೇಳಬೇಕೆನಿಸಿದ್ದು ನಮ್ಮ ಯಜಮಾನರಿಗೆ. ಅವರಿಲ್ಲ.