ಎರವಲು ಹೋದ ಮೇಜುಬಟ್ಟೆ

ಪ್ರತಿ ಸಲ ಮರಳಿ ಬಂದಾಗಲೂ ಆ ಬಟ್ಟೆಗೆ ಬೇರೆಯವರ ಮನೆಯ ವಾಸನೆ ಇರುತ್ತಿತ್ತು. ಒಮ್ಮೆ ಹಳಸಿದ ತೆಂಗಿನೆಣ್ಣೆ, ಒಮ್ಮೆ ಒಣಮೀನು, ಒಮ್ಮೆ ಯಾವುದೋ ಮಗುವಿನ ಮೂತ್ರ. ಮಡಿಕೆ ಬಿಚ್ಚುವ ಮೊದಲೇ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಬಿಚ್ಚಿದರೆ ಕಾಫಿಯ ಕಂದು ಕಲೆ, ಗೋಳಿಬಜೆ ತಿಂದು ಬೆರಳೊರೆಸಿದ ಎಣ್ಣೆ, ಮೂಲೆಯಲ್ಲಿ ಎಲೆಯಡಿಕೆಯ ಕೆಂಪು. ಅಂಟುವಾಳದ ನೊರೆಯಲ್ಲಿ ನೆನೆಹಾಕಿ, ಬಾವಿಕಟ್ಟೆಯ ಬಳಿ ಕುಳಿತು, ಕಸೂತಿ ಹೂವಿನ ನೂಲು ಎಳೆದು ಬಾರದಂತೆ ಬೆರಳ ತುದಿಯಿಂದ ಉಜ್ಜುವ ಕೆಲಸ ನನ್ನದು. ಯಾರೋ ಉಗುಳಿದ್ದನ್ನು ತೊಳೆಯುತ್ತಿದ್ದೇನೆ ಅನಿಸುತ್ತಿತ್ತು. ಕೆಲವು ಸಲ ಅದು ಅಕ್ಷರಶಃ ನಿಜವೂ ಆಗಿತ್ತು.

ಆ ಮೇಜುಬಟ್ಟೆಗೆ ಕಸೂತಿ ಹಾಕಿದವಳು ನಾನು. ಮಂಗಳೂರಿನ ಕಾನ್ವೆಂಟ್ ಶಾಲೆಯೊಂದರಲ್ಲಿ ಓದುವಾಗ ಸಿಸ್ಟರೊಬ್ಬರು ನಮಗೆ ಚೈನ್ ಸ್ಟಿಚ್, ಸಾಟಿನ್ ಸ್ಟಿಚ್, ಲೇಜಿ ಡೇಜಿ, ಫ್ರೆಂಚ್ ನಾಟ್ ಎಲ್ಲ ಕಲಿಸಿದ್ದರು. ಕಾಲೇಜು ಸೇರಿದ ಮೇಲೂ ನಾನು ಅದನ್ನು ಬಿಡಲಿಲ್ಲ. ರಜೆಯಲ್ಲಿ, ಪರೀಕ್ಷೆಗೆ ಓದಿ ಬೇಸರವಾದಾಗ, ದೇರೆಬೈಲಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹಾಕುತ್ತಿದ್ದೆ. ಕಲಿತ ಹುಡುಗಿಯರೆಲ್ಲ ಮಾದರಿ ಹಾಳೆಯಲ್ಲಿದ್ದ ಗುಲಾಬಿ ಬುಟ್ಟಿಯನ್ನೋ ರಿಬ್ಬನ್ ಕಟ್ಟಿದ ಹೂಗೊಂಚಲನ್ನೋ ಹಾಕುತ್ತಿದ್ದರು. ನಾನು ಮನೆಯ ಹಿಂದಿನ ಗುಡ್ಡೆಯಲ್ಲಿ ಗೊಂಚಲುಗೊಂಚಲಾಗಿ ಅರಳುವ ಕೆಂಪು ಕೇಪುಳ ಹೂವನ್ನು ಕಿತ್ತು ತಂದು, ಎದುರಿಗಿಟ್ಟುಕೊಂಡು, ಬಟ್ಟೆಯ ಅಂಚಿನುದ್ದಕ್ಕೂ ಅದನ್ನೇ ಹಾಕಿದೆ. ಎಸಳಿಗೆ ಲೇಜಿ ಡೇಜಿ, ಮೊಗ್ಗಿಗೆ ಫ್ರೆಂಚ್ ನಾಟಿನ ಗಂಟು. ಸೂಜಿಗೆ ನೂಲು ಸುತ್ತಿ, ಸಡಿಲವಾಗದಂತೆ ಎಳೆದು ಹಿಡಿದು, ಮೇಲೆ ಬಂದ ತೂತಿನ ಪಕ್ಕದಲ್ಲೇ ಸೂಜಿ ಇಳಿಸಬೇಕು. ಬೆರಳು ಒಂದು ಕ್ಷಣ ಮೊದಲು ಬಿಟ್ಟರೂ ಗಂಟು ಬಿಚ್ಚಿಕೊಂಡು ಸತ್ತ ಹುಳದಂತೆ ಬಟ್ಟೆಯ ಮೇಲೆ ಬಿದ್ದುಕೊಳ್ಳುತ್ತದೆ. ಅದು ಸರಿಯಾಗಿ ಕುಳಿತಾಗ ಆಗುವ ಸುಖವನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಿ.ಎ. ಓದುವ ಹುಡುಗಿಗೆ ಅಂಥ ಸುಖ ಸ್ವಲ್ಪ ಕಡಿಮೆಯದು ಎಂದು ನನಗೇ ಅನಿಸುತ್ತಿತ್ತೋ ಏನೋ. ಕಾಡುಹೂ ಹಾಕಿದ ಬಟ್ಟೆ ನಮ್ಮ ಬಳಗದಲ್ಲಿ ಅದೊಂದೇ.

ನಮ್ಮವರಲ್ಲಿ ಹೆಣ್ಣು ನೋಡಲು ಜನ ಬರುತ್ತಾರೆಂದರೆ ಸಾಮಾನುಗಳು ಮನೆಯಿಂದ ಮನೆಗೆ ನಡೆಯುತ್ತಿದ್ದವು. ಒಬ್ಬರ ಕುರ್ಚಿ, ಇನ್ನೊಬ್ಬರ ಪಿಂಗಾಣಿ ಕಪ್ಪು, ಮತ್ತೊಬ್ಬರ ಕುತ್ತಿಗೆಯ ಸರ. ಕಸೂತಿ ಬಲ್ಲ ಹುಡುಗಿ ಎಂದರೆ ಸುಧಾರಿಸಿದ ಮನೆಯವಳು ಎಂಬ ಲೆಕ್ಕ ಆಗ ಹೊಸತಾಗಿ ಶುರುವಾಗಿತ್ತು. ಹಾಗಾಗಿ ನನ್ನ ಬಟ್ಟೆಯೂ ಹೊರಟಿತು. ಬಂದವರ ಮುಂದೆ ಅದನ್ನು ಹಾಸಿ, ಮೇಲೆ ತಿಂಡಿ ಇಟ್ಟು, "ಇದೆಲ್ಲ ನಮ್ಮ ಹುಡುಗಿಯೇ ಹಾಕಿದ್ದು" ಎನ್ನುವುದು. ಯಾರ ಮನೆಯಲ್ಲಿ ಹಾಸಿದರೋ ಆ ಮನೆಯ ಹುಡುಗಿ ಹಾಕಿದ್ದು.

ಮೊದಲ ಸಲ ಕೊಡುವಾಗ ನನಗೆ ಹೇಸಿಗೆಯಾಗಿತ್ತೇ? ಆಗಿತ್ತು ಎಂದು ಬರೆಯಲು ಆಸೆ. ಆದರೆ ಮೊದಲ ಸಲ ನಾನೇ ಇಸ್ತ್ರಿ ಹಾಕಿ, ಕಾಗದದಲ್ಲಿ ಸುತ್ತಿ ಕೊಟ್ಟ ನೆನಪಿದೆ. ಹೊಗಳಿಸಿಕೊಳ್ಳುವ ಚಪಲವಿಲ್ಲದೆ ಯಾರೂ ಬಟ್ಟೆಯನ್ನು ಕಾಗದದಲ್ಲಿ ಸುತ್ತುವುದಿಲ್ಲ. ಅಸಹ್ಯ ಹುಟ್ಟಿದ್ದು ಅದು ಮರಳಿ ಬಂದ ಮೇಲೆ. ಅಮ್ಮನ ಹತ್ತಿರ ಜಗಳವಾಡಿದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅಮ್ಮನ ನಾಲಗೆಯ ಖಾರ ಅರ್ಧವಷ್ಟೇ ಉಳಿದಿರಬಹುದು.

"ಒಂದು ಗಳಿಗೆ ಮೇಜಿನ ಮೇಲೆ ಇರ್ತದೆ, ಮತ್ತೆ ಬರ್ತದೆ. ಸವೆದು ಹೋಗ್ತದಾ?"

"ಬರ್ತದೆ. ಹೇಗೆ ಬರ್ತದೆ ಅಂತ ನೀನೇ ಮೂಸಿ ನೋಡಮ್ಮ."

"ಹೆಣ್ಣು ಜೀವಕ್ಕೆ ಇಷ್ಟು ಹೇಸಿಗೆ ಇರಬಾರದು ಮಾರಾಯ್ತಿ. ನಾಳೆ ಮಕ್ಕಳ ಕುಂಡೆ ತೊಳೆಯುವಾಗ ಎಂತ ಮಾಡ್ತೀ?"

ಹೊಳೆಯಾಚೆ, ತೊಕ್ಕೊಟ್ಟಿನ ಹತ್ತಿರ, ನನ್ನ ದೊಡ್ಡಮ್ಮನ ಮನೆ. ದೊಡ್ಡಮ್ಮನ ಮಗಳು ನನಗಿಂತ ತುಸು ದೊಡ್ಡವಳು. ಅಕ್ಕ ಎಂದೇ ಕರೆಯುತ್ತಿದ್ದೆ. ಅವಳು ಹೊಳೆಯಲ್ಲಿ ಈಜುತ್ತಿದ್ದಳು, ಗೇರು ಮರದ ತುದಿಗೆ ಹತ್ತುತ್ತಿದ್ದಳು, ಸೂಜಿ ಹಿಡಿದವಳಲ್ಲ. ರವಕೆಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ತಿಂಗಳುಗಟ್ಟಲೆ ತಿರುಗುತ್ತಿದ್ದಳು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನನ್ನ ಬಟ್ಟೆ ದೋಣಿ ಹತ್ತಿ ಅಲ್ಲಿಗೆ ಹೋಯಿತು. ನೋಡಿದವರು ಮೆಚ್ಚಿದರು, ಮದುವೆ ನಿಶ್ಚಯವಾಯಿತು. ಬಟ್ಟೆ ಮರಳಿದಾಗ ಮೀನಿನ ಹುರುಪೆಯೊಂದು ಕೇಪುಳದ ಗೊಂಚಲಿಗೆ ಅಂಟಿಕೊಂಡು ಹೊಳೆಯುತ್ತಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದಾಗ ನಿಜಕ್ಕೂ ವಾಂತಿ ಬಂತು.

ಸ್ವಲ್ಪ ಸಮಯದಲ್ಲೇ ನನ್ನನ್ನು ನೋಡಲು ಜನ ಬಂದರು. ಅದೇ ಬಟ್ಟೆಯನ್ನು ಅಮ್ಮ ಹಾಸಿದಾಗ ನಾನು ಅಡ್ಡಿ ಮಾಡಲಿಲ್ಲ. ಈ ಒಂದು ಮನೆಯಲ್ಲಾದರೂ ಅದರ ಬಗ್ಗೆ ಹೇಳುವ ಮಾತು ನಿಜವಾಗುತ್ತದಲ್ಲ ಎಂಬ ಸಮಾಧಾನ. ಮದುವೆಯ ಆಸೆ ನನಗೆ ಆಗ ಇರಲಿಲ್ಲ. ಆದರೆ ಯಾರಾದರೂ ಒಬ್ಬರು ಆ ಹೂವನ್ನು ನೋಡಿ, ಆಮೇಲೆ ನನ್ನ ಮುಖ ನೋಡಿ, "ನೀನಾ ಹಾಕಿದ್ದು?" ಎಂದು ಕೇಳಬೇಕು ಎಂದು ಬಹಳ ಆಸೆಯಿತ್ತು. ಅದಕ್ಕಾಗಿಯೇ ನಾನು ಸೀರೆಯುಟ್ಟು ಕುಳಿತದ್ದು.

ಹುಡುಗನ ತಾಯಿ ದಪ್ಪ ಹೆಂಗಸು. ಬಾಯಿ ತುಂಬ ಎಲೆಯಡಿಕೆ. ಕುಳಿತವರೇ ಬಟ್ಟೆಯ ಅಂಚನ್ನು ಎತ್ತಿ, ಮಗುಚಿ, ಹಿಂಬದಿಯ ನೂಲನ್ನು ನೋಡಿದರು. ಕಣ್ಣು ಸಣ್ಣದು ಮಾಡಿದರು.

"ಇದು ನಾನು ನೋಡಿದ ಬಟ್ಟೆ ಅಲ್ವಾ? ಕೇಪುಳ. ತೊಕ್ಕೊಟ್ಟಿನಲ್ಲಿ ನೋಡಿದ್ದು. ನನ್ನ ತಂಗಿಯ ಮಗನಿಗೆ ನಿಶ್ಚಯ ಆದದ್ದು ಅಲ್ಲಿಯೇ. ಆ ಹುಡುಗಿಯೇ ಹಾಕಿದ್ದು ಅಂತ ಹೇಳಿದ್ರು."

ಅಕ್ಕನನ್ನು ನೋಡಲು ಹೋದವರಲ್ಲಿ ಇವರೂ ಇದ್ದರೆಂದು ಅಮ್ಮನಿಗೆ ತಿಳಿದಿರಲಿಲ್ಲ. ಆದರೂ ಅಮ್ಮ ತಡವರಿಸಲಿಲ್ಲ.

"ಹೌದು ಹೌದು, ಅವಳದ್ದೇ. ನೀವು ಬರ್ತೀರಿ ಅಂತ ತರಿಸಿದ್ದು."

ಆಗ ಅವರು ನನ್ನತ್ತ ತಿರುಗಿದರು. ನಾನು ಕಾಯುತ್ತಿದ್ದ ಪ್ರಶ್ನೆಯೇ ಬಂತು. "ನೀನು ಹಾಕಿದ್ದಲ್ವಾ ಹಾಗಾದ್ರೆ?"

ನನ್ನದು ಎಂದರೆ ಅಕ್ಕ ಸುಳ್ಳುಗಾರ್ತಿ. ಮಾತು ಅಂದೇ ಇವರ ತಂಗಿಯ ಮನೆಗೆ ಹೋಗುತ್ತದೆ, ನಿಶ್ಚಯ ಮುರಿಯುತ್ತದೆ. ನನ್ನದಲ್ಲ ಎಂದರೆ ಎರವಲು ತಂದು ಮೆರೆಯಲು ಹೊರಟವಳು ನಾನು. ಅಮ್ಮ ನನ್ನನ್ನು ನೋಡಲೂ ಇಲ್ಲ. ಅಷ್ಟು ನಂಬಿಕೆ.

"ಅಲ್ಲ. ಅಕ್ಕನದ್ದು."

"ಬಿ.ಎ. ಓದುವವರಿಗೆ ಸೂಜಿ ಎಂತಕ್ಕೆ!" ಎಂದು ಅವರು ಮೈ ಕುಲುಕಿಸಿ ನಕ್ಕರು. "ಪುಸ್ತಕವನ್ನೇ ಹಾಸಬಹುದಿತ್ತು ಮಾರಾಯ್ರೆ, ಎರವಲು ಎಂತಕ್ಕೆ?" ಹಾಗೆ ನಗುತ್ತಲೇ, ಸುಣ್ಣ ಮೆತ್ತಿದ ಬೆರಳನ್ನು ಬಟ್ಟೆಯ ಮೂಲೆಗೆ ಒರೆಸಿ, "ಹೇಗೂ ನಮ್ಮ ಹುಡುಗಿಯದ್ದೇ ಅಲ್ವಾ" ಎಂದರು.

ಅವರು ಬೆರಳೊರೆಸಿದ್ದು ನಿಜವೇ? ಕಲೆಯನ್ನು ತೊಳೆದವಳು ನಾನು, ಆದ್ದರಿಂದ ಕಲೆ ಇತ್ತು. ಆದರೆ ಅದು ಮೊದಲೇ ಬಿದ್ದದ್ದಾಗಿರಬಹುದು. ಅವರನ್ನು ದ್ವೇಷಿಸಲು ಅನುಕೂಲವಾಗಲಿ ಎಂದು ನಾನೇ ಆ ಬೆರಳನ್ನು ಅಲ್ಲಿ ಇಟ್ಟಿರಬಹುದು. ಅಂದಿನ ನನ್ನ ದಿನಚರಿ ನೋಡಿದರೆ ಸಿಗುವುದು ಇಷ್ಟೇ: "ಇಬ್ಬರು ಬಂದಿದ್ದರು. ವಿಪರೀತ ಸೆಕೆ."

ಅವರು ಹೋದ ಮೇಲೆ ಅಮ್ಮನನ್ನು ಕೇಳಿದೆ, "ನಾನು ಅವರ ಮುಂದೆ ಸುಳ್ಳಿ ಆಗಬಹುದಾ?"

"ನೀನು ಸುಳ್ಳಿ ಹೇಗೆ ಆದದ್ದು? ಎರವಲು ತಂದದ್ದು ಅಂತ ಸತ್ಯವನ್ನೇ ಹೇಳಿದೆವಲ್ಲ," ಎಂದರು ಅಮ್ಮ. ಹಾಗೆ ಹೇಳುವಾಗ ಅವರ ಮುಖದಲ್ಲಿ ತಮಾಷೆಯಿರಲಿಲ್ಲ. ಅದೇ ನನಗೆ ಅತ್ಯಂತ ಅಸಹ್ಯವೆನಿಸಿತು. ಆ ಹೆಂಗಸಿನ ಎಂಜಲು ಬೆರಳಿಗಿಂತಲೂ ಹೆಚ್ಚು.

ಆ ಕಡೆಯಿಂದ ಮತ್ತೆ ಉತ್ತರ ಬರಲಿಲ್ಲ, ನನಗೆ ಅದರ ಬೇಸರವೂ ಇಲ್ಲ. ಆದರೆ ಅಕ್ಕನ ಮದುವೆ ಹತ್ತಿರವಾದಂತೆ ಅಮ್ಮ ಇನ್ನೊಂದು ಮಾತು ತೆಗೆದರು.

"ಆ ಬಟ್ಟೆ ಅವಳ ಪೆಟ್ಟಿಗೆಯಲ್ಲಿ ಹೋಗಬೇಕು. ಅವಳ ಬಟ್ಟೆ ಅವಳ ಹತ್ತಿರ ಇಲ್ಲದಿದ್ರೆ ಕೇಳುವುದಿಲ್ವಾ ಅವರು?"

ಮನೆಯೊಳಗೆ, ನಾವಿಬ್ಬರೇ ಇರುವಾಗಲೂ, ಅದು "ಅವಳ ಬಟ್ಟೆ" ಆಗಿತ್ತು. "ನಿನಗೆ ಕೈ ಉಂಟಲ್ಲ, ಇನ್ನೊಂದು ಹಾಕು," ಎಂದರು. ಹಾಕಲು ಕುಳಿತೆ. ಒಂದು ಗೊಂಚಲು ಮುಗಿಯುವಷ್ಟರಲ್ಲಿ, ನೋಡಿದವರೆಲ್ಲ ಇದನ್ನು ಅಕ್ಕನದ್ದರ ನಕಲು ಎನ್ನುತ್ತಾರೆ ಎಂದು ಹೊಳೆಯಿತು. ನನ್ನ ಹೂವಿಗೆ ನಾನೇ ನಕಲುಗಾರ್ತಿ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಎದ್ದೆ.

ಮದುವೆಗೆ ಮೊದಲು ಅಕ್ಕ ಕೆಲವು ದಿನ ನಮ್ಮಲ್ಲಿ ಬಂದು ನಿಂತಳು. ಹಾಕಿ ತೋರಿಸು ಎಂದು ಅತ್ತೆಮನೆಯಲ್ಲಿ ಹೇಳಿದರೆ ಕೈ ಆಡಬೇಕಲ್ಲ, ಅದಕ್ಕೆ ಕಲಿಸಬೇಕೆಂದು ದೊಡ್ಡಮ್ಮನ ಅಪ್ಪಣೆ. ಜಗಲಿಯಲ್ಲಿ ಎದುರುಬದುರು ಕುಳಿತೆವು. ನೂಲಿನ ತುದಿಯನ್ನು ಅವಳು ಪೂರ್ತಿ ಬಾಯಿಗೆ ಹಾಕಿ ಜಗಿಯುತ್ತಿದ್ದಳು. ಆ ಎಂಜಲು ನೂಲನ್ನು ಪೋಣಿಸಿ ಕೊಡು ಎಂದು ನನ್ನತ್ತ ಚಾಚುತ್ತಿದ್ದಳು. ಅಂಗೈ ಬೆವರಿ ಬಿಳಿ ಬಟ್ಟೆ ಬೂದಿಬಣ್ಣಕ್ಕೆ ತಿರುಗಿತು. ನಾನು ಮುಖ ಹಿಂಡಿದ್ದನ್ನು ಅವಳು ನೋಡಿದಳು.

"ಹೇಸಿಗೆ ಆಗ್ತದಾ ನಿನಗೆ?"

"ಆಗ್ತದೆ."

"ನಿನಗೆ ಮಾತ್ರ ಅಂತ ತಿಳ್ಕೊಂಡಿದ್ದೀಯಾ? ಅಲ್ಲಿ ಕೂತು, ಅವರೆಲ್ಲ ಹೂ ಮುಟ್ಟಿ ಮುಟ್ಟಿ ನೋಡುವಾಗ ತಲೆ ಬಗ್ಗಿಸಿ ಕೂತದ್ದು ನಾನು. ನಾಚಿಕೆ ಅಂತ ಅವರು ಹೇಳಿದ್ರು. ನಾಚಿಕೆ ಅಲ್ಲ, ಓಕರಿಕೆ."

ಅವಳು ಹಾಗೆ ಹೇಳಿದ್ದು ನನಗೆ ಇಷ್ಟವಾಗಲಿಲ್ಲ. ಅಸಹ್ಯವೊಂದಾದರೂ ನನ್ನದಾಗಿ ಇತ್ತು. ಅದರಲ್ಲೂ ಪಾಲು ಕೇಳಿದಂತಾಯಿತು.

ಕೊನೆಗೆ ಅವಳು ಅಭ್ಯಾಸದ ತುಂಡುಬಟ್ಟೆಯನ್ನು ಬದಿಗೆಸೆದು, ಪೆಟ್ಟಿಗೆಗೆಂದು ತೊಳೆದಿಟ್ಟಿದ್ದ ಆ ಮೇಜುಬಟ್ಟೆಯನ್ನೇ ಎಳೆದುಕೊಂಡು, ಅಂಚಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಒಂದು ಕೇಪುಳ ಹಾಕಿದಳು. ಎಸಳುಗಳು ಒಂದರ ಮೇಲೊಂದು ಬಿದ್ದಿದ್ದವು, ಗಂಟು ಜೋತಿತ್ತು. ಒರಟು ಕಾಲಿನಿಂದ ತುಳಿದ ಹೂವಿನಂತಿತ್ತು. ನನ್ನ ಕೈ ತಾನಾಗಿ ಕತ್ತರಿಗೆ ಹೋಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು.

"ಇರಲಿ. ನಾನೇ ಹಾಕಿದ್ದು ಅಂತ ಒಂದಾದರೂ ನಿಜ ಹೇಳಬಹುದಲ್ಲ."

ನಾನು ಕತ್ತರಿ ಕೆಳಗಿಟ್ಟೆ. ಅದು ಪ್ರೀತಿಯೆಂದು ಹೇಳಿಕೊಳ್ಳಲು ಧೈರ್ಯವಿಲ್ಲ. ಕಣ್ಣಿರುವ ಯಾರೇ ನೋಡಿದರೂ ಇದರಲ್ಲಿ ಎರಡು ಕೈ ಇವೆ ಎಂದು ತಿಳಿಯುತ್ತದೆ, ತಿಳಿಯಲಿ ಎಂಬ ವಿಷವೂ ಇತ್ತು. ಯಾವುದು ಎಷ್ಟು ಇತ್ತೆಂದು ಈಗ ಅಳೆಯಲಾರೆ.

ಮದುವೆಯಾಗಿ ಮೊದಲ ಮಳೆಗಾಲ ಕಳೆದ ಮೇಲೆ ಅಮ್ಮನೂ ನಾನೂ ಅವಳ ಗಂಡನ ಮನೆಗೆ ಹೋದೆವು. ಅದೂ ಹೊಳೆಯಾಚೆಯೇ. ಚಾವಡಿಯ ನಡುವೆ ಮೇಜು, ಮೇಲೆ ನನ್ನ ಬಟ್ಟೆ, ಅದರ ಮೇಲೆ ಮಸಿ ಹಿಡಿದ ಚಿಮಣಿ ದೀಪ. ಸೀಮೆಎಣ್ಣೆ ಸೋರಿ ಒಂದಿಡೀ ಗೊಂಚಲು ಹಳದಿಯಾಗಿತ್ತು. ನೊಣಗಳು. ಅಕ್ಕನ ಅತ್ತೆ ದೀಪ ಸರಿಸಿ, ಬಂದವರಿಗೆಲ್ಲ ತೋರಿಸುವ ರೂಢಿಯಂತೆ, ಅಂಚನ್ನು ನನ್ನ ಮುಂದೆ ಎಳೆದರು.

"ನೋಡು, ನಮ್ಮ ಸೊಸೆಯ ಕೈಕೆಲಸ."

ಅವರ ಹೆಬ್ಬೆರಳು ನೇರ ಹೂವಿನ ಮೇಲೂ ಸೊಟ್ಟ ಹೂವಿನ ಮೇಲೂ ಒಂದೇ ಸಮನೆ ಹರಿಯಿತು. ಎಲ್ಲಿಯೂ ನಿಲ್ಲಲಿಲ್ಲ. ಮಗುಚಿ ನೋಡಿದವರು, ಮುಟ್ಟಿ ಮೂಸಿದವರು, ಇಷ್ಟು ಮನೆಗಳಲ್ಲಿ ಇಷ್ಟು ಹೆಂಗಸರು, ಯಾರೂ ಹೂವನ್ನು ನೋಡಿರಲೇ ಇಲ್ಲ.

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತಳು. "ಇವಳಿಗೆ ಬರ್ತದೆ ಅತ್ತೆ," ಎಂದಳು, ಮೆಲ್ಲಗೆ. "ನನಗಿಂತ ಚೆಂದ ಬರ್ತದೆ. ನನಗೆ ಕಲಿಸಿದ್ದೇ ಇವಳು."

ನಾನು ಅತ್ತೆಯ ಮುಖ ನೋಡಿದೆ. ಅಮ್ಮ ಸೆರಗು ಸರಿಪಡಿಸಿಕೊಂಡರು.

ಅತ್ತೆ ಸೊಸೆಯನ್ನು ನೋಡಿದರು, ಕಣ್ಣಲ್ಲಿ ನೀರು ತುಂಬಿತು. "ನೋಡಿದ್ರಾ ಇವಳ ಮನಸ್ಸು! ತಂಗಿಯ ಮುಂದೆ ತನ್ನದು ಅಂತ ಹೇಳಿಕೊಳ್ಳುವುದಿಲ್ಲ. ಎಷ್ಟು ಜನರಿಗೆ ಬರ್ತದೆ ಈ ಬುದ್ಧಿ?" ಆಮೇಲೆ ನನ್ನ ಬೆನ್ನು ತಟ್ಟಿದರು. "ಕಲಿತುಕೊ ಮಗಾ. ಓದಿದವಳು ಅಂತ ನಾಚಿಕೆ ಬೇಡ. ಅಕ್ಕ ಹೇಳಿಕೊಡ್ತಾಳೆ."

"ಕಲೀತೇನೆ," ಎಂದೆ.

ಮರಳುವಾಗ, ಮೀನಿನ ಬುಟ್ಟಿಗಳಿದ್ದ ದೋಣಿಯ ಅಂಚಿಗೆ ಬಾಗಿ, ಎರಡೂ ಕೈಗಳನ್ನು ಹೊಳೆಗೆ ಅದ್ದಿ, ಬೆರಳ ಸಂದಿಗಳನ್ನೆಲ್ಲ ಉಜ್ಜಿ ತೊಳೆದೆ. ಬಟ್ಟೆಯನ್ನು ನಾನು ಮುಟ್ಟಿಯೂ ಇರಲಿಲ್ಲ.

"ಎಂತ, ಮೀನು ತಾಗಿತಾ?" ಎಂದು ಅಮ್ಮ ಕೇಳಿದರು.

ಹೌದು ಎಂದೆ.