ನಾನೇ ಬರೆದ ನಿಯಮ, ನಾನೇ ಬರೆದ ವಿನಾಯಿತಿ

ಗೆಳೆಯರೇ, ನನ್ನ ಚಪ್ಪಲಿಗಳಲ್ಲಿ ಮೊದಲು ಸವೆಯುವುದು ಎಡಗಾಲಿನದೇ. ಮಂತ್ರಿಗಳ ಬಾಗಿಲ ಮುಂದೆ ಕಾಯುವಾಗ ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟು ನಿಲ್ಲುವುದು ನನ್ನ ರೂಢಿ. ಹುಮನಾಬಾದಿನಲ್ಲಿ ಹುಟ್ಟಿ, ಸಚಿವಾಲಯಕ್ಕೆ ಗುಮಾಸ್ತನಾಗಿ ಸೇರಿ, ಅಧೀನ ಕಾರ್ಯದರ್ಶಿಯಾಗಿ ನಿವೃತ್ತನಾದ ಮೇಲೆ ಕಂಪನಿಗಳ ಪರವಾಗಿ ಅದೇ ಕಡತಗಳ ಬೆನ್ನು ಹತ್ತಿದೆ. ಒಳಗಿದ್ದಾಗ ‘ಪರಿಶೀಲಿಸಿ’ ಎಂದು ಬರೆಯುತ್ತಿದ್ದ ಕೈ, ಹೊರಗೆ ಬಂದು ‘ದಯವಿಟ್ಟು ಪರಿಶೀಲಿಸಿ’ ಎಂದು ಬರೆಯತೊಡಗಿತು. ಬದಲಾದದ್ದು ಅಷ್ಟೇ ಎಂದುಕೊಂಡಿದ್ದೆ.

ಹೋದ ಚಳಿಗಾಲ ಕಲ್ಲು ಪುಡಿಮಾಡುವ ಕಂಪನಿಯೊಂದರ ಕೆಲಸ ಬಂತು. ಬಸವಕಲ್ಯಾಣದ ಆಚೆಯ ಒಂದು ಹಳ್ಳಿಯಲ್ಲಿ, ಶಾಲೆಯ ಮಗ್ಗುಲಿಗೇ ಅವರಿಗೆ ಕ್ರಷರ್ ಹಾಕಬೇಕಿತ್ತು. ಶಾಲೆಯಿಂದ ಇಂತಿಷ್ಟು ದೂರವಿರಬೇಕೆಂಬ ನಿಯಮ ಅಡ್ಡ ಬರುತ್ತಿತ್ತು. ಅದನ್ನು ಸಡಿಲಿಸುವ ಕೋರಿಕೆಯನ್ನು ನಾನು ಸೊಗಸಾಗಿಯೇ ಬರೆದೆ. ಆ ನಿಯಮದ ಕರಡನ್ನು ಬಹಳ ವರ್ಷಗಳ ಹಿಂದೆ ಬರೆದವನೂ ನಾನೇ.

ಊರವರನ್ನು ಒಪ್ಪಿಸಲೆಂದು ಹೋದಾಗ ಶಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಅಲ್ಲೇ ಕಲಿಸಿ ನಿವೃತ್ತರಾದ ಜೈಬುನ್ನಿಸಾ ಎಂಬ ಶಿಕ್ಷಕಿ ನಿಯಮದ ನಕಲು ಹಿಡಿದು ಎದ್ದರು.

“ಮಕ್ಕಳ ಎದಿಯಾಗ ಧೂಳ ಹೋಗಬಾರ್ದಂತ ಇದರಾಗ ಬರದಾರ ನೋಡ್ರಿ ಸಾಹೇಬ್ರ. ಯಾರ್ ಬರದಾರೋ, ಖುದಾ ಅವರಿಗಿ ಚಲೋ ಇಟ್ಟಿರ್ಲಿ. ನೀವ್ ಅದನ್ನ ಯಾಕ ಅಳಸಾಕತ್ತೀರಿ?”

ಬರೆದವನು ನಾನೇ ಎಂಬ ಮಾತು ನಾಲಗೆಯ ತುದಿಗೆ ಬಂದು ಹಿಂದಿರುಗಿತು. “ವಿಚಾರ ಮಾಡ್ತೀನ್ರಿ ಆಪಾ” ಎಂದಷ್ಟೇ ಹೇಳಿ ಎದ್ದುಬಂದೆ. ಹುಮನಾಬಾದಿನ ತಂಗಿಯ ಮನೆಯಿಂದ ಕಂಪನಿಗೆ ಫೋನು ಮಾಡಿ, ಈ ಕೆಲಸ ನನ್ನಿಂದ ಆಗದೆಂದೆ. ಅವರು ಬೇಸರಪಡಲೂ ಇಲ್ಲ. ನನ್ನ ಪತ್ರ ಅವರ ಬಳಿಯೇ ಇತ್ತಲ್ಲ! ನನ್ನ ಕೈಕೆಳಗೆ ದುಡಿದಿದ್ದ ಒಬ್ಬನು ಅದನ್ನು ಹೊತ್ತು ಬಾಗಿಲಿಂದ ಬಾಗಿಲಿಗೆ ಅಲೆದ. ಒಂದಕ್ಷರವೂ ಬದಲಾಗದೆ ಮಂಜೂರಾಯಿತು.

ಮತ್ತೆ ಆ ಊರಿಗೆ ಹೋಗಿ, ನಿಯಮ ಬರೆದದ್ದನ್ನೂ ವಿನಾಯಿತಿ ಬರೆದದ್ದನ್ನೂ ಜೈಬುನ್ನಿಸಾ ಅವರಿಗೆ ಹೇಳಿದೆ. ಅವರು ಒಳಗೆ ಹೋಗಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

“ಹಂಗಾದ್ರ ಆ ವಿನಾಯ್ತಿ ಪತ್ರದಾಗ ಎಲ್ಲಿ ಸುಳ್ಳದ ಅಂತ ನಿಮಗೇ ಗೊತ್ತಿರ್ಬೇಕಲ್ರಿ. ಕೂಡ್ರಿ, ತಕರಾರು ಅರ್ಜಿ ಬರೀರಿ.”

ಕೂತೆ. ಮೂರು ಹಾಳೆ ಹರಿದೆ. ಸೊಗಸೆಲ್ಲ ಉದುರಿ, ಧೂಳು, ಮಕ್ಕಳು, ಕೆಮ್ಮು ಎಂಬ ಬರಿಯ ಮಾತುಗಳು ಉಳಿದವು. ಕೆಳಗೆ ನನ್ನ ಹೆಸರನ್ನೂ ಬರೆದೆ. ಅವರು ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ಓದಿದರು.

“ಇದು ನಮಗ ತಿಳಿಯಾಂಗ ಬರದೀರಿ” ಎಂದರು.

ಅರ್ಜಿ ಈಗ ಯಾವುದೋ ಮೇಜಿನ ಮೇಲಿದೆ, ಕ್ರಷರ್ ನಡೆಯುತ್ತಿದೆ. ನಲವತ್ತು ವರ್ಷದ ಬರವಣಿಗೆಯಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ.