ಮಗಳ ಮೂಗು, ಅತ್ತೆಯ ಹೇರ್‌ಪಿನ್

"ಗಟ್ಟಿಯಾಗಿ ಹಿಡ್ಕೊ ಕಣಮ್ಮ, ಒಂದೇ ಸಲಕ್ಕೆ ಬಂದ್ಬುಡುತ್ತೆ" ಎನ್ನುತ್ತಾ ಇವತ್ತು ಬೆಳಗ್ಗೆ ನಮ್ಮತ್ತೆ ತಲೆಯಿಂದ ಹೇರ್‌ಪಿನ್ ಕಿತ್ತು, ಅದರ ತುದಿಗೆ ಹತ್ತಿ ಸುತ್ತಿಕೊಂಡು ಬಂದಾಗ ನಾನು ಮಗಳನ್ನು ಎದೆಗವಚಿಕೊಂಡು ಹಿಂದೆ ಸರಿದೆ ಗೆಳೆಯರೇ.

ನನ್ನ ಐದು ತಿಂಗಳ ಮಗಳ ಮೂಗಿನಲ್ಲಿ ಸಿಂಬಳ ಒಣಗಿ ಗಟ್ಟಿಯಾಗಿತ್ತು. ಬೋಗಾದಿಯಲ್ಲಿ ನಮ್ಮ ಎರಡೂ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಧೂಳಿಗೇನೂ ಬರವಿಲ್ಲ. ಮಗು ಎರಡು ಗುಟುಕು ಹಾಲು ಕುಡಿಯುವುದು, ಉಸಿರು ಕಟ್ಟಿ ಬಾಯಿ ಬಿಟ್ಟು ಅಳುವುದು.

"ಪಿನ್ ಬೇಡಿ ಅತ್ತೆ, ಒಳಗೆ ಗಾಯ ಆಗುತ್ತೆ" ಎಂದೆ.

"ನಿನ್ ಗಂಡನ ಮೂಗನ್ನೂ ಇದ್ರಲ್ಲೇ ಕ್ಲೀನ್ ಮಾಡಿ ಬೆಳೆಸಿದ್ದು ನಾನು!"

"ಅದಕ್ಕೇ ಮುಖದ ಹತ್ರ ಯಾರಾದ್ರೂ ಕೈ ತಂದ್ರೆ ಅವ್ರು ಇವತ್ತಿಗೂ ಬೆಚ್ಚಿಬೀಳ್ತಾರೆ."

ಬಾಗಿಲಲ್ಲಿ ನಿಂತಿದ್ದ ಗಂಡ ಮೂಗು ಮುಚ್ಚಿಕೊಂಡು ಒಳಗೆ ಹೋದರು.

ಡಾಕ್ಟರು ಬರೆದುಕೊಟ್ಟಿದ್ದ ಉಪ್ಪುನೀರಿನ ಡ್ರಾಪ್ಸನ್ನು ಎರಡೂ ಹೊಳ್ಳೆಗೆ ಹನಿಹನಿಯಾಗಿ ಬಿಟ್ಟೆ. ಅತ್ತೆ ಪಿನ್ ಹಿಡಿದೇ ಕಾಯುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಮಗು ಜೋರಾಗಿ ಸೀನಿತು. ನೆನೆದು ಮೆತ್ತಗಾಗಿದ್ದ ಸಿಂಬಳ ತಾನಾಗಿ ಹೊರಗೆ ಬಂತು. ಹತ್ತಿ ಬಟ್ಟೆಯಲ್ಲಿ ಒರೆಸಿದೆ. ಮಗಳು ಗಟಗಟ ಹಾಲು ಕುಡಿದು ನಿದ್ದೆಹೋದಳು. "ಪಾಪ, ನನ್ ಕಂದ" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಅವರು ದಟ್ಟಗಳ್ಳಿಯ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಆ ಡ್ರಾಪ್ಸ್ ಬುಟ್ರೆ ತಾನೇ ಮೆತ್ತಗಾಗುತ್ತೆ ಕಣೇ. ಈಗಿನ ಹುಡುಗೀರಿಗೆ ಇದೆಲ್ಲ ಎಲ್ ಗೊತ್ತಾಗುತ್ತೆ? ನಮ್ ಸೊಸೆಗೂ ನಾನೇ ಹೇಳ್ಕೊಟ್ಟೆ."

ನಾನು ಪಕ್ಕದಲ್ಲೇ ಕೂತು ಹೂಂಗುಟ್ಟಿದೆ. ಮಗು ಮಲಗಿರುವ ಮನೆಯಲ್ಲಿ ವಾದ ಯಾರಿಗೆ ಬೇಕು ಹೇಳಿ!